ಹಿಂಡಿಗೆಲ್ಲ ಹುಳದ ಔಷಧಿ ಯಾಕೆ ಕುಡಿಸಬಾರದು

ಆ ಕುರಿಮರಿ ಸಾಯುವಾಗ ಮೈಕೈ ತುಂಬಿಕೊಂಡೇ ಇತ್ತು. ಎಲುಬು ಕಾಣುತ್ತಿರಲಿಲ್ಲ, ಭೇದಿ ಇರಲಿಲ್ಲ. ಹಿಂದಿನ ದಿನ ಸಂಜೆ ಮೇದುಕೊಂಡೇ ರೊಪ್ಪಕ್ಕೆ ಬಂದಿತ್ತು. ಬೆಳಿಗ್ಗೆ ನೋಡಿದರೆ ಕಾಲು ಚಾಚಿ ಬಿದ್ದಿತ್ತು. ಹಾವು ಮುಟ್ಟಿರಬೇಕು ಅಂದರು ಒಬ್ಬರು. ಯಾರದೋ ಕಣ್ಣು ಬಿದ್ದಿದೆ ಅಂದರು ಇನ್ನೊಬ್ಬರು. ಪುಣ್ಯಕ್ಕೆ ಅವತ್ತು ಪಶುವೈದ್ಯರು ಪಕ್ಕದ ಊರಿಗೇ ಬಂದಿದ್ದರು. ಹೊಟ್ಟೆ ಕೊಯ್ದು ನೋಡೋಣ ಅಂದರು.

ಕುರಿಗೆ ನಾಲ್ಕು ಹೊಟ್ಟೆ ಅಂತಾರಲ್ಲ, ಅದರಲ್ಲಿ ನಾಲ್ಕನೆಯದನ್ನು ಬಿಡಿಸಿದರು. ಒಳಗೋಡೆಯ ಮೇಲೆ ದಾರದ ತುಂಡುಗಳ ಹಾಗೆ ಏನೋ ಮಿಸುಕಾಡುತ್ತಿತ್ತು. ಒಂದಲ್ಲ ಎರಡಲ್ಲ, ಗೋಡೆಯೇ ಹರಿದಾಡುತ್ತಿದ್ದ ಹಾಗಿತ್ತು. ಒಂದನ್ನು ಎತ್ತಿ ಬಿಳಿ ತಟ್ಟೆಯ ನೀರಿಗೆ ಬಿಟ್ಟರು. 2-3 ಸೆಂಟಿಮೀಟರ್ ಉದ್ದ. ಕೆಂಪು ನೂಲಿಗೆ ಬಿಳಿ ನೂಲು ಸುತ್ತಿ ಹೊಸೆದ ಹಾಗೆ ಕಾಣುತ್ತಿತ್ತು. ಆ ಕೆಂಪು ಹುಳದ ಕರುಳಿನಲ್ಲಿದ್ದ ಮರಿಯ ರಕ್ತ. ಬಿಳಿ ಅದರ ಮೊಟ್ಟೆಯ ಚೀಲ.

"ಔಷಧಿ ಕುಡಿಸಿ ಎಷ್ಟು ದಿನ ಆಯ್ತು?" ಅಂತ ಕೇಳಿದರು.

ಹತ್ತು ದಿನ, ಅಂದೆ. ಆ ವರ್ಷ ಅದು ಮೂರನೇ ಸಲ. ಅರವತ್ತು ಕುರಿಗೂ, ಒಂದನ್ನೂ ಬಿಡದೆ ಕುಡಿಸಿದ್ದೆ ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ತಟ್ಟೆಯ ಕಡೆ ನೋಡಿ, "ಹಾಗಾದ್ರೆ ಇವು ನಿಮ್ಮ ಔಷಧಿ ಕುಡಿದೂ ಬದುಕಿರೋವು" ಅಂದರು. ಒಂದನ್ನೂ ಬಿಡದೆ ಕುಡಿಸಿದ್ದೇ ತಪ್ಪು ಅಂತ ನನಗೆ ಅರ್ಥವಾಗುವುದಕ್ಕೆ ಇನ್ನೂ ಒಂದು ವರ್ಷ ಬೇಕಾಯಿತು.

ಈ ಹುಳದ ಹೆಸರು ಹೀಮಾಂಕಸ್ ಕಂಟಾರ್ಟಸ್. ಹೊರದೇಶಗಳಲ್ಲಿ ಕ್ಷೌರದಂಗಡಿಯ ಮುಂದೆ ಕೆಂಪು-ಬಿಳಿ ಪಟ್ಟೆಯ ಕಂಬ ನಿಲ್ಲಿಸುತ್ತಾರೆ. ಅಲ್ಲಿನ ಕುರಿ ಸಾಕುವವರು ಆ ಕಂಬದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಕುರಿ-ಮೇಕೆಯ ಹೊಟ್ಟೆಯಲ್ಲಿ ಜಂತು ಬಗೆಬಗೆಯವು ಇರುತ್ತವೆ. ಆದರೆ ನಮ್ಮಂಥ ಬಿಸಿಲು ನಾಡಿನಲ್ಲಿ ಮಳೆಗಾಲದಲ್ಲಿ ಜಾಸ್ತಿ ಕೊಲ್ಲುವುದು ಇದೇ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಕುರಿಗಳೇ ಸುಮಾರು 1 ಕೋಟಿ 11 ಲಕ್ಷ, ಮೇಕೆ 61 ಲಕ್ಷದ ಮೇಲೆ. ಹೀಗಾಗಿ ಇದು ಸಣ್ಣ ವಿಷಯವೇನಲ್ಲ.

ಒಂದು ಹುಳ ದಿನಕ್ಕೆ ಕುಡಿಯುವ ರಕ್ತ ಸುಮಾರು 0.05 ಮಿಲಿ. ಒಂದು ಹನಿ ಅಷ್ಟೇ. ಆದರೆ ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿ. 25 ಕೆಜಿ ತೂಕದ ಕುರಿಯ ಮೈಯಲ್ಲಿ ಇರುವುದೇ ಒಂದೂವರೆ ಲೀಟರ್ ಆಸುಪಾಸು ರಕ್ತ. ಉಳಿದದ್ದನ್ನು ನೀವೇ ಲೆಕ್ಕ ಹಾಕಿ. ಕುರಿ ಹೊಸ ರಕ್ತ ಮಾಡಿಕೊಳ್ಳುತ್ತಲೇ ಇರುತ್ತದೆ, ನಿಜ. ಆದರೆ ಬರುವುದಕ್ಕಿಂತ ಹೋಗುವುದು ಜಾಸ್ತಿಯಾದ ದಿನ ಮರಿ ಮಂದೆಯಿಂದ ಹಿಂದೆ ಬೀಳುತ್ತದೆ, ಏದುಸಿರು ಬಿಡುತ್ತದೆ, ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬೀಳುತ್ತದೆ. ಒಂದೇ ಸಲಕ್ಕೆ ಹುಳ ವಿಪರೀತ ಹೊಕ್ಕರೆ ಅದಕ್ಕೂ ಸಮಯವಿಲ್ಲ, ನಮ್ಮ ಮರಿಯ ಹಾಗೆ ಮೈ ತುಂಬಿಕೊಂಡೇ ಸಾಯುತ್ತದೆ. ಭೇದಿ ಇಲ್ಲದ್ದರಿಂದ ಹುಳದ ಮೇಲೆ ಅನುಮಾನವೇ ಬರುವುದಿಲ್ಲ.

ಹಿಕ್ಕೆಯಿಂದ ಹುಲ್ಲಿಗೆ

ಒಂದು ಹೆಣ್ಣು ಹುಳ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಕುರಿಯಲ್ಲಿ 500 ಹೆಣ್ಣು ಹುಳ ಇದ್ದರೆ, ಕಡಿಮೆ ಎಂದರೂ ದಿನಕ್ಕೆ 25 ಲಕ್ಷ ಮೊಟ್ಟೆ. ಒಂದು ಕುರಿಯದು ಇಷ್ಟು. ಅವು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ.

ಹದವಾದ ಬಿಸಿ, ಒಂದಿಷ್ಟು ತೇವ ಸಿಕ್ಕರೆ ನಾಲ್ಕರಿಂದ ಏಳು ದಿನದಲ್ಲಿ ಮೊಟ್ಟೆ ಒಡೆದು, ಮರಿಹುಳ ಎರಡು ಸಲ ಬೆಳೆದು, ಕುರಿಗೆ ಹತ್ತಲು ತಯಾರಾಗುತ್ತದೆ. ಇಲ್ಲಿ ಒಂದು ಸೋಜಿಗ ಇದೆ. ಮೂರನೇ ಹಂತಕ್ಕೆ ಬಂದ ಮರಿಹುಳ ತನ್ನ ಹಳೇ ಚರ್ಮವನ್ನು ಕಳಚುವುದಿಲ್ಲ. ಅದನ್ನೇ ಕಂಬಳಿಯ ಹಾಗೆ ಹೊದ್ದುಕೊಳ್ಳುತ್ತದೆ. ಬಿಸಿಲು ಗಾಳಿ ತಡೆಯುವುದಕ್ಕೆ ಅದು ಒಳ್ಳೆಯದೇ. ಆದರೆ ಬಾಯಿಯೂ ಮುಚ್ಚಿಹೋಗುತ್ತದೆ. ಏನೂ ತಿನ್ನುವ ಹಾಗಿಲ್ಲ. ಮೈಯಲ್ಲಿ ಕೂಡಿಟ್ಟ ಶಕ್ತಿ ಮುಗಿಯುವುದರೊಳಗೆ ಯಾವುದಾದರೂ ಕುರಿ ಅದನ್ನು ಮೇಯಬೇಕು, ಇಲ್ಲದಿದ್ದರೆ ಸಾಯಬೇಕು.

ಇದೊಂದು ಸಂಗತಿ ಗೊತ್ತಾದರೆ ಮೇಯಿಸುವ ಲೆಕ್ಕವೇ ಬದಲಾಗುತ್ತದೆ. ಚಳಿ ದೇಶದಲ್ಲಿ ಮರಿಹುಳ ನಿಧಾನಕ್ಕೆ ಮಿಸುಕಾಡಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ನಮ್ಮ ಸೆಕೆಗೆ ಅದು ಚುರುಕಾಗಿ ಓಡಾಡುತ್ತದೆ, ಬೇಗ ಹುಟ್ಟುತ್ತದೆ, ಬೇಗ ಸೊರಗುತ್ತದೆ. ಫಿಜಿ ದ್ವೀಪದಲ್ಲಿ 1990ರ ದಶಕದ ಆರಂಭದಲ್ಲಿ ಇದನ್ನೇ ಬಳಸಿಕೊಂಡು ಒಂದು ಪ್ರಯೋಗ ಮಾಡಿದರು. ಮೇವಿನ ಜಾಗವನ್ನು ಹತ್ತು ಪಟ್ಟಿ ಮಾಡಿ, ಮೇಕೆಗಳನ್ನು ಒಂದೊಂದರಲ್ಲಿ ಮೂರೂವರೆ ದಿನ ಮೇಯಿಸಿ ಮುಂದಕ್ಕೆ ಹೊಡೆದರು. ಬಿಟ್ಟ ಪಟ್ಟಿಗೆ ಮತ್ತೆ ಬರುವ ಹೊತ್ತಿಗೆ ತಿಂಗಳ ಮೇಲಾಗಿರುತ್ತಿತ್ತು. ಹಿಕ್ಕೆಯಲ್ಲಿನ ಮೊಟ್ಟೆ ಮರಿಹುಳವಾಗುವ ಮುಂಚೆಯೇ ಮೇಕೆ ಜಾಗ ಬಿಟ್ಟಿರುತ್ತಿತ್ತು. ವಾಪಸ್ ಬರುವುದರೊಳಗೆ ಹುಲ್ಲಿನ ಮೇಲಿನ ಹುಳ ಬಹುಪಾಲು ಸತ್ತಿರುತ್ತಿತ್ತು. ಒಂದೇ ಜಾಗದಲ್ಲಿ ಮೇಯ್ದ ಮೇಕೆಗಳಿಗೆ ಹೋಲಿಸಿದರೆ ಇವುಗಳ ಹಿಕ್ಕೆಯಲ್ಲಿ ಮೊಟ್ಟೆ ಅರ್ಧಕ್ಕಿಂತ ಕಡಿಮೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸಂಚಾರಿ ಕುರುಬರು. ಹಿಂಡು ಹೊಡೆದುಕೊಂಡು ಊರೂರು ನಡೆಯುತ್ತಾರೆ. ಇವತ್ತು ಒಬ್ಬರ ಹೊಲದಲ್ಲಿ ಮಂದೆ ಹಾಕುತ್ತಾರೆ, ಎರಡು ರಾತ್ರಿ ಕಳೆದು ಇನ್ನೊಬ್ಬರ ಹೊಲ. ಕೊಯ್ಲಾದ ಹೊಲದ ಕೂಳೆ ಮೇಯುತ್ತದೆ ಕುರಿ. ಅಲ್ಲಿ ತಿಂಗಳುಗಟ್ಟಲೆ ಯಾವ ಕುರಿಯೂ ಹಿಕ್ಕೆ ಹಾಕಿರುವುದಿಲ್ಲ. ಹೊಲದವನಿಗೆ ಗೊಬ್ಬರ, ಕುರಿಗೆ ಹುಳವಿಲ್ಲದ ಮೇವು. ಹುಳದ ಲೆಕ್ಕ ಹಾಕಿ ಅವರು ನಡೆಯಲು ಶುರುಮಾಡಿದರು ಅಂತ ನಾನು ಹೇಳುತ್ತಿಲ್ಲ. ಮೇವು ನೀರಿಗೆ ನಡೆದರು. ಆದರೆ ಹಿಂಡು ಒಂದೇ ಕಡೆ ನಿಂತಾಗ, ವರ್ಷವಿಡೀ ಅದೇ ಗೋಮಾಳ, ಅದೇ ಕೆರೆ ಅಂಗಳ ಮೇದಾಗ, ಹುಳ ಯಾಕೆ ಕಾಲು ಮುರಿದುಕೊಂಡು ಕೂರುತ್ತದೆ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಮರಿಹುಳಕ್ಕೆ ಕಾಲಿಲ್ಲ. ಹುಲ್ಲಿನ ಮೇಲಿನ ನೀರಿನ ಪೊರೆಯಲ್ಲಿ ತೆವಳಿಕೊಂಡು ಹತ್ತುತ್ತದೆ. ಹಾಗಾಗಿ ಹೆಚ್ಚಿನವು ನೆಲದಿಂದ ಎರಡು ಇಂಚಿನ ಒಳಗೇ ಇರುತ್ತವೆ. ಹುಲ್ಲನ್ನು ಬುಡದವರೆಗೆ ಕೆರೆದು ಮೇಯುವ ಹಾಗೆ ಬಿಟ್ಟರೆ ಹುಳವನ್ನೇ ಮೇಯಿಸಿದ ಹಾಗೆ. ಇಬ್ಬನಿ ಆರುವ ತನಕ ಕುರಿ ಬಿಡಬೇಡ ಅಂತ ಹಿರಿಯರು ಹೇಳುವುದರಲ್ಲಿ ಹುರುಳಿದೆ, ಆದರೆ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಮೇಕೆಗೆ ಜಾಲಿ, ಹಿಪ್ಪುನೇರಳೆ, ಅಗಸೆ ಸೊಪ್ಪು ಎತ್ತರದಲ್ಲಿ ಕಟ್ಟಿದರೆ ಅಷ್ಟರ ಮಟ್ಟಿಗೆ ಹುಳ ಹೋಗುವುದು ತಪ್ಪುತ್ತದೆ. ಮೇಕೆ ಹುಟ್ಟಾ ಸೊಪ್ಪು ಕೀಳುವ ಪ್ರಾಣಿ. ಅದನ್ನು ಕುರಿಯ ಹಾಗೆ ನೆಲ ಮೇಯಿಸಿದರೆ ಕುರಿಗಿಂತ ಬೇಗ ಹುಳಕ್ಕೆ ಸೋಲುತ್ತದೆ.

ದನ ಮೇಯಿಸುವುದೂ ಒಂದು ಉಪಾಯ. ಕುರಿ ಮೇಯ್ದ ಜಾಗಕ್ಕೆ ದೊಡ್ಡ ದನ ಬಿಟ್ಟರೆ ಅವು ಹುಲ್ಲಿನ ಜೊತೆ ಕುರಿಯ ಹುಳವನ್ನೂ ನುಂಗುತ್ತವೆ. ಬಹುಪಾಲು ಹುಳ ದನದ ಹೊಟ್ಟೆಯಲ್ಲಿ ಬಾಳುವುದಿಲ್ಲ. ಕುರಿ ಜೊತೆ ಮೇಕೆ ಸೇರಿಸಿದರೆ ಈ ಲಾಭ ಇಲ್ಲ, ಎರಡಕ್ಕೂ ಒಂದೇ ಹುಳ.

ಔಷಧಿ ಒಂದು ಜರಡಿ

ಕುರಿಯ ಹೊಟ್ಟೆ ಸೇರಿದ ಮರಿಹುಳ ಬೆಳೆದು ಮೊಟ್ಟೆ ಇಡುವುದಕ್ಕೆ ಸುಮಾರು ಮೂರು ವಾರ ಬೇಕು. ಈಗ ನಮ್ಮ ಮರಿಯ ಹೊಟ್ಟೆ ನೆನಪಿಸಿಕೊಳ್ಳಿ. ಔಷಧಿ ಕುಡಿಸಿ ಹತ್ತೇ ದಿನಕ್ಕೆ ಅಲ್ಲಿ ಮೊಟ್ಟೆ ತುಂಬಿದ ದೊಡ್ಡ ಹುಳಗಳಿದ್ದವು. ಹತ್ತು ದಿನದಲ್ಲಿ ಹೊಸದಾಗಿ ಸೇರಿ ಅಷ್ಟು ಬೆಳೆಯಲು ಸಾಧ್ಯವಿಲ್ಲ. ವೈದ್ಯರು ತಟ್ಟೆ ನೋಡಿ ಹೇಳಿದ ಮಾತಿನ ಲೆಕ್ಕ ಇದು.

ಸಾವಿರ ಹುಳದಲ್ಲಿ ಹತ್ತಿಪ್ಪತ್ತಕ್ಕೆ ಹುಟ್ಟಿನಿಂದಲೇ ಆ ಔಷಧಿ ತಡೆದುಕೊಳ್ಳುವ ತಾಕತ್ತು ಇರಬಹುದು. ಔಷಧಿ ಕುಡಿಸಿದಾಗ ಮಿಕ್ಕವೆಲ್ಲ ಸಾಯುತ್ತವೆ, ಜರಡಿಯಲ್ಲಿ ಇವು ಉಳಿಯುತ್ತವೆ. ಮುಂದಿನ ಮೂರು ವಾರ ಹೊಲಕ್ಕೆ ಬೀಳುವ ಮೊಟ್ಟೆ ಎಲ್ಲ ಇವುಗಳದ್ದೇ. ಹಿಂಡಿಗೆಲ್ಲ ಕುಡಿಸಿದ್ದರಿಂದ ಬೆರೆಯುವುದಕ್ಕೆ ಬೇರೆ ಹುಳವೇ ಇಲ್ಲ. ಇದನ್ನೇ ವರ್ಷಕ್ಕೆ ನಾಲ್ಕು ಸಲ, ಐದು ವರ್ಷ ಮಾಡಿ. ಹೊಲದ ತುಂಬ ಔಷಧಿಗೆ ಬಗ್ಗದ ಹುಳದ ಬೀಜ ಬಿತ್ತಿದಂತಾಯಿತು.

ಈ ಕಥೆ ನಮ್ಮೊಬ್ಬರದೇ ಅಲ್ಲ. ಈಗ ನಾವು ಬಳಸುವ ಆಲ್ಬೆಂಡಜೋಲ್‌ನ ಅಣ್ಣ ಥಯಾಬೆಂಡಜೋಲ್ 1961ರಲ್ಲಿ ಮಾರುಕಟ್ಟೆಗೆ ಬಂತು. ಮೂರ್ನಾಲ್ಕು ವರ್ಷದಲ್ಲೇ ಈ ಹುಳ ಅದಕ್ಕೆ ಬಗ್ಗದ ವರದಿಗಳು ಬಂದವು. ಐವರ್‌ಮೆಕ್ಟಿನ್ 1981ರಲ್ಲಿ ಬಂತು. ಅದನ್ನು ಕಂಡುಹಿಡಿದ ಸತೋಶಿ ಒಮುರಾ, ವಿಲಿಯಂ ಕ್ಯಾಂಪ್‌ಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಸಿಕ್ಕಿತು. ಅಷ್ಟು ದೊಡ್ಡ ಔಷಧಿಯನ್ನೂ ಕುರಿಯ ಹುಳ ಅದೇ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜೀರ್ಣಿಸಿಕೊಂಡಿತು. ಆಮೇಲೆ ಬಂದ ಮೊನೆಪ್ಯಾಂಟೆಲ್ ನ್ಯೂಜಿಲೆಂಡ್‌ನಲ್ಲಿ 2009ರಲ್ಲಿ ಮಾರಾಟಕ್ಕೆ ಬಂದು, 2013ರಷ್ಟು ಹೊತ್ತಿಗೆ ಅಲ್ಲೇ ಸೋತ ಸುದ್ದಿ ಬಂತು. ಹೊಸ ಔಷಧಿ ಬರಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ಅಂಗಡಿಯವರ ಜೊತೆ ಮಾತಾಡುವಾಗ ಒಂದು ಎಚ್ಚರ ಬೇಕು. "ಹೋದ ಸಲದ್ದು ನಾಟಲಿಲ್ಲ, ಬೇರೆ ಕೊಡಿ" ಅಂದರೆ ಬೇರೆ ಕಂಪನಿಯ ಬಾಟಲಿ ಕೈಗೆ ಬರುತ್ತದೆ. ಬಣ್ಣ ಬೇರೆ, ಹೆಸರು ಬೇರೆ, ಒಳಗಿರುವುದು ಅದೇ. ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೂ ಅಷ್ಟೇ, ಎರಡೂ ಒಂದೇ ಮನೆಯವು. ಒಂದಕ್ಕೆ ಬಗ್ಗದ ಹುಳ ಇನ್ನೊಂದಕ್ಕೂ ಬಗ್ಗುವುದಿಲ್ಲ. ಲೆವಮಿಸೋಲ್ ಇನ್ನೊಂದು ಮನೆ, ಐವರ್‌ಮೆಕ್ಟಿನ್ ಮತ್ತೊಂದು. ರಕ್ತ ಹೀರುವ ಹುಳಕ್ಕೆಂದೇ ಕ್ಲೋಸಾಂಟೆಲ್ ಇದೆ. ಬಾಟಲಿಯ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಬೇಕು.

ಇನ್ನು ಅಳತೆ. ನಾವು ಕಣ್ಣಂದಾಜಿನಲ್ಲಿ "ಇದೊಂದು ಇಪ್ಪತ್ತು ಕೆಜಿ" ಅಂತ ಕುಡಿಸುತ್ತಿದ್ದೆವು. ತಕ್ಕಡಿಗೆ ಕಟ್ಟಿ ನೋಡಿದರೆ ಇಪ್ಪತ್ತೆಂಟು. ಕಡಿಮೆ ಕುಡಿಸುವುದು ಕುಡಿಸದೇ ಇರುವುದಕ್ಕಿಂತ ಕೆಟ್ಟದ್ದು, ಅರೆಗಟ್ಟಿ ಹುಳವೂ ಪಾರಾಗುತ್ತದೆ. ಮೇಕೆಯ ಲೆಕ್ಕ ಬೇರೆ. ಅದರ ಮೈ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ. ಕುರಿಯ ಅಳತೆ ಅದಕ್ಕೆ ಸಾಲದು, ಎಷ್ಟು ಅಂತ ವೈದ್ಯರನ್ನೇ ಕೇಳಬೇಕು, ಯಾಕೆಂದರೆ ಲೆವಮಿಸೋಲ್‌ನಂಥದ್ದು ಹೆಚ್ಚಾದರೆ ವಿಷ. ಗಬ್ಬದ ಮೊದಲ ದಿನಗಳಲ್ಲಿ ಆಲ್ಬೆಂಡಜೋಲ್ ಬೇಡ, ಹೊಟ್ಟೆಯಲ್ಲಿನ ಮರಿ ಊನವಾಗಬಹುದು. ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಯ ಪಕ್ಕದಿಂದ ನಳಿಗೆ ತೂರಿಸಿ ನಾಲಿಗೆಯ ಹಿಂಭಾಗಕ್ಕೆ ಬಿಡಬೇಕು. ಬಾಯಿಯ ಮುಂದೆಯೇ ಸುರಿದರೆ ಔಷಧಿ ಮೊದಲ ಹೊಟ್ಟೆಯನ್ನು ತಪ್ಪಿಸಿಕೊಂಡು ನೇರ ನಾಲ್ಕನೆಯದಕ್ಕೆ ಜಾರಿ, ಬೇಗ ಹೊರಟುಹೋಗಬಹುದು. ಮೊದಲ ಹೊಟ್ಟೆಯಲ್ಲಿ ನಿಂತು ನಿಧಾನಕ್ಕೆ ಇಳಿದರೇ ಅದು ಕೆಲಸ ಮಾಡುವುದು.

ಕಣ್ಣು ನೋಡಿ ಔಷಧಿ

ಹಾಗಾದರೆ ಯಾರಿಗೆ ಕುಡಿಸಬೇಕು? ಹಿಂಡಿನಲ್ಲಿ ಹುಳ ಸಮನಾಗಿ ಹಂಚಿಕೊಂಡಿರುವುದಿಲ್ಲ. ಸುಮಾರು ಐದರಲ್ಲಿ ಒಂದು ಕುರಿಯ ಹೊಟ್ಟೆಯಲ್ಲೇ ಹಿಂಡಿನ ಬಹುಪಾಲು ಹುಳ ಇರುತ್ತದೆ. ಮಿಕ್ಕವು ಒಂದಷ್ಟು ಹುಳ ಇಟ್ಟುಕೊಂಡೇ ಆರಾಮಾಗಿರುತ್ತವೆ. ಆ ಒಂದನ್ನು ಹುಡುಕಿದರೆ ಅರವತ್ತಕ್ಕೂ ಕುಡಿಸುವುದು ತಪ್ಪುತ್ತದೆ. ಕುಡಿಸದೆ ಬಿಟ್ಟ ಕುರಿಗಳಿಂದ ಔಷಧಿ ಕಂಡಿರದ ಹುಳದ ಮೊಟ್ಟೆ ಹೊಲಕ್ಕೆ ಬೀಳುತ್ತಿರುತ್ತದೆ. ಅವು ಗಟ್ಟಿ ಹುಳಗಳ ಜೊತೆ ಬೆರೆತು, ಗಟ್ಟಿ ಹಾಲಿಗೆ ನೀರು ಬೆರೆಸಿದ ಹಾಗೆ ಅವುಗಳ ಜೋರು ಕಡಿಮೆ ಮಾಡುತ್ತವೆ. ಹುಳ ಉಳಿಸಿಕೊಳ್ಳಬೇಕು ಅನ್ನುವುದು ಮೊದಲು ಕೇಳಿದಾಗ ಹುಚ್ಚು ಮಾತು ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು.

ಹುಡುಕುವ ದಾರಿ ದಕ್ಷಿಣ ಆಫ್ರಿಕಾದಿಂದ ಬಂದದ್ದು. ಹುಳದ ತೊಂದರೆ ಹೀರುವ ರಕ್ತದಿಂದ ಅಂದಮೇಲೆ, ರಕ್ತ ಕಡಿಮೆಯಾದದ್ದು ಕಣ್ಣಿನಲ್ಲಿ ಕಾಣಬೇಕು. ಅಲ್ಲಿನ ಪಶುವೈದ್ಯ ಫಾಫಾ ಮಲಾನ್ ಅವರ ಈ ಯೋಚನೆಯಿಂದ ಒಂದು ಬಣ್ಣದ ಕಾರ್ಡ್ ಹುಟ್ಟಿತು. ಅವರ ಹೆಸರಿನ ಅಕ್ಷರ ಸೇರಿಸಿಯೇ ಅದಕ್ಕೆ ಫಮಾಚಾ ಅನ್ನುತ್ತಾರೆ. ಅದರಲ್ಲಿ ಐದು ಬಣ್ಣ. ಒಂದು ಅಂದರೆ ಕಡುಗೆಂಪು, ಐದು ಅಂದರೆ ಸುಣ್ಣದ ಬಿಳಿ.

ನೋಡುವುದು ಹೀಗೆ. ಕುರಿಯನ್ನು ನೆರಳಿನಿಂದ ಬೆಳಕಿಗೆ ತಂದು ತೊಡೆ ಮಧ್ಯೆ ಹಿಡಿಯಿರಿ. ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಕಣ್ಣುಗುಡ್ಡೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಇನ್ನೊಂದು ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಕೆಳಕ್ಕೆ ಎಳೆಯಿರಿ. ರೆಪ್ಪೆಯ ಒಳಗಿನ ಮೆದು ಪೊರೆ ಹೊರಕ್ಕೆ ಉಬ್ಬುತ್ತದೆ. ಆ ಪೊರೆಯ ಬಣ್ಣವನ್ನು ಕಾರ್ಡ್ ಪಕ್ಕ ಇಟ್ಟು ನೋಡಿ. ಎರಡು ಸೆಕೆಂಡಿನ ಕೆಲಸ. ಜಾಸ್ತಿ ಹೊತ್ತು ಎಳೆದು ಹಿಡಿದರೆ ಎಲ್ಲವೂ ಕೆಂಪಾಗಿಯೇ ಕಾಣುತ್ತದೆ. ಎರಡೂ ಕಣ್ಣು ನೋಡಿ, ಯಾವುದು ಬಿಳಿಚಿಕೊಂಡಿದೆಯೋ ಅದೇ ಲೆಕ್ಕ. ಮೊಬೈಲಿನ ಫೋಟೋ ನೋಡಿ ಮಾಡುವ ಕೆಲಸ ಇದಲ್ಲ, ಬಣ್ಣ ಮೋಸ ಮಾಡುತ್ತದೆ.

ಒಂದು, ಎರಡು ಬಂದರೆ ಬಿಟ್ಟುಬಿಡಿ. ನಾಲ್ಕು, ಐದು ಬಂದರೆ ಕುಡಿಸಿ, ಐದಕ್ಕೆ ವೈದ್ಯರನ್ನೂ ಕರೆಯಿರಿ. ಮೂರು ಬಂದಾಗ ಯೋಚನೆ. ಮರಿ, ಗಬ್ಬದ ಕುರಿ, ಹಾಲೂಡುವ ಕುರಿ ಆದರೆ ಕುಡಿಸುವುದೇ ವಾಸಿ. ಗಟ್ಟಿಮುಟ್ಟಾದ ಟಗರಾದರೆ ಎರಡು ವಾರ ಬಿಟ್ಟು ಮತ್ತೆ ನೋಡಬಹುದು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ನೋಡಲೇಬೇಕು. ಈಯುವ ಸ್ವಲ್ಪ ಮುಂಚಿನಿಂದ ಹಾಲೂಡುವ ಮೊದಲ ವಾರಗಳ ತನಕ ತಾಯಿಕುರಿಯ ತಡೆಯುವ ಶಕ್ತಿ ಕುಸಿದು, ಹಿಕ್ಕೆಯಲ್ಲಿ ಮೊಟ್ಟೆ ಏರುತ್ತದೆ. ಅದೇ ಹೊತ್ತಿಗೆ ಮರಿ ಹುಲ್ಲಿಗೆ ಬಾಯಿ ಹಾಕಲು ಕಲಿಯುತ್ತಿರುತ್ತದೆ. ಒಂದಿಷ್ಟು ಶೇಂಗಾ ಹಿಂಡಿಯನ್ನು ಆಗ ತಾಯಿಗೆ ಇಟ್ಟರೆ ಅದು ಔಷಧಿಯಷ್ಟೇ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅನುಭವ.

ಕಣ್ಣು ಬಿಳಿಚುವುದಕ್ಕೆ ಇದೊಂದೇ ಹುಳ ಕಾರಣ ಅಂತಲ್ಲ. ಉಣ್ಣಿ (ಉಣುಗು) ಮುತ್ತಿದರೂ ಬಿಳಿಚುತ್ತದೆ. ಮಲೆನಾಡಿನಲ್ಲಿ, ಕೆರೆ ಅಂಗಳದಲ್ಲಿ, ಗದ್ದೆ ಬಯಲಿನಲ್ಲಿ ಮೇಯುವ ಕುರಿಗೆ ಪಿತ್ತಜನಕಾಂಗದ ಚಪ್ಪಟೆ ಹುಳ ಇರಬಹುದು. ಅದು ನೀರಿನ ಬಸವನಹುಳುವಿನಲ್ಲಿ ಬೆಳೆದು ಬರುವಂಥದ್ದು. ಅದಕ್ಕೂ ಗದ್ದದಲ್ಲಿ ನೀರು ತುಂಬುತ್ತದೆ. ಐವರ್‌ಮೆಕ್ಟಿನ್, ಲೆವಮಿಸೋಲ್ ಅದನ್ನು ಮುಟ್ಟುವುದೇ ಇಲ್ಲ. ಆಕ್ಸಿಕ್ಲೋಜನೈಡ್‌ನಂಥ ಬೇರೆ ಔಷಧಿ ಬೇಕು.

ಅದಕ್ಕೇ ಹಿಕ್ಕೆ ಪರೀಕ್ಷೆ ಮಾಡಿಸಿ ಅನ್ನುವುದು. ನೆಲದ ಮೇಲೆ ಬಿದ್ದದ್ದಲ್ಲ, ಗುದದಿಂದಲೇ ತೆಗೆದ ತಾಜಾ ಹಿಕ್ಕೆ, ತಂಪಾಗಿಟ್ಟು ಅದೇ ದಿನ ಒಯ್ಯಬೇಕು. ಸೆಕೆಯಲ್ಲಿ ಇಟ್ಟರೆ ಮೊಟ್ಟೆ ದಾರಿಯಲ್ಲೇ ಒಡೆಯುತ್ತದೆ. ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಗೆರೆ ಎಳೆದ ಗಾಜಿನ ಅಚ್ಚಿನಲ್ಲಿ ಹಾಕುತ್ತಾರೆ. ಮೊಟ್ಟೆ ತೇಲಿ ಮೇಲೆ ಬರುತ್ತದೆ, ಎಣಿಸುತ್ತಾರೆ. ಒಂದು ಮೊಟ್ಟೆ ಕಂಡರೆ ಸಾಮಾನ್ಯವಾಗಿ ಗ್ರಾಂಗೆ 50 ಅಂತ ಲೆಕ್ಕ. ಚಪ್ಪಟೆ ಹುಳದ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲುವುದಿಲ್ಲ. ತಳದಲ್ಲಿ ಕೂತದ್ದನ್ನು ಬೇರೆಯಾಗಿ ನೋಡಿ ಅಂತ ನಾವೇ ಹೇಳಬೇಕಾಗುತ್ತದೆ. ಔಷಧಿ ನಾಟುತ್ತಿದೆಯೋ ಇಲ್ಲವೋ ತಿಳಿಯುವುದಕ್ಕೂ ಇದೇ ದಾರಿ. ಹತ್ತು ಕುರಿಯ ಹಿಕ್ಕೆ ಕುಡಿಸುವ ದಿನ ಒಮ್ಮೆ, ಎರಡು ವಾರ ಬಿಟ್ಟು ಅದೇ ಕುರಿಗಳದ್ದು ಇನ್ನೊಮ್ಮೆ. ಮೊಟ್ಟೆ ನೂರಕ್ಕೆ 95ರಷ್ಟಾದರೂ ಇಳಿಯದಿದ್ದರೆ ಆ ಔಷಧಿಯ ಮನೆ ನಿಮ್ಮ ಹಿಂಡಿಗೆ ಕೈಕೊಡುತ್ತಿದೆ ಅಂತ. ನಮ್ಮಲ್ಲಿ ಅರ್ಧವೂ ಇಳಿದಿರಲಿಲ್ಲ.

ಹಳೇ ಸಲಹೆಗಳಲ್ಲಿ ಎರಡನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಒಂದು, ಬೇಸಿಗೆಯ ಉರಿಯಲ್ಲಿ ಹಿಂಡಿಗೆಲ್ಲ ಕುಡಿಸುವುದು. ಆಗ ಹುಲ್ಲಿನ ಮೇಲೆ ಹುಳವೇ ಇರುವುದಿಲ್ಲ, ಇರುವುದೆಲ್ಲ ಕುರಿಯೊಳಗೆ. ಆಗ ಜರಡಿ ಹಿಡಿದರೆ ಮುಂಗಾರಿಗೆ ಹುಟ್ಟುವ ಸಂತಾನವೆಲ್ಲ ಗಟ್ಟಿ ಹುಳದ್ದೇ. ಇನ್ನೊಂದು, ಕುಡಿಸಿದ ಮರುದಿನವೇ ಹೊಸ ಹುಲ್ಲಿಗೆ ಹೊಡೆಯುವುದು. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಖಾಲಿ ಹೊಲಕ್ಕೆ ಉಳಿದ ಗಟ್ಟಿ ಹುಳವನ್ನಷ್ಟೇ ಬಿತ್ತಿದ ಹಾಗಾಗುತ್ತದೆ.

ಸಂತೆಯಿಂದ ತಂದ ಕುರಿಯ ಮಾತು ಬೇರೆ. ಅದು ಯಾರದೋ ಹೊಲದ ಗಟ್ಟಿ ಹುಳವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬಂದಿರುತ್ತದೆ. ಅದಕ್ಕೆ ಮಾತ್ರ ಕಣ್ಣು ನೋಡದೆ ಎರಡು ಬೇರೆ ಬೇರೆ ಮನೆಯ ಔಷಧಿ ಕುಡಿಸಿ, ಎರಡು ದಿನ ಕಟ್ಟಿಹಾಕಿ ಮೇವು ಹಾಕುತ್ತೇವೆ. ಆ ಹಿಕ್ಕೆ ಬಾಚಿ ತಿಪ್ಪೆಗೆ. ಆಮೇಲೆ ನಮ್ಮ ಕುರಿ ಮೇಯ್ದ ಜಾಗಕ್ಕೇ ಬಿಡುತ್ತೇವೆ, ಹೊಸ ಜಾಗಕ್ಕಲ್ಲ.

ಈಗ ನಮ್ಮ ರೊಪ್ಪದ ಬಾಗಿಲಲ್ಲಿ ಒಂದು ನೋಟ್‌ಬುಕ್ ನೇತುಹಾಕಿದೆ. ಕಿವಿ ನಂಬರ್, ತಾರೀಖು, ಕಣ್ಣಿನ ಅಂಕಿ, ಕುಡಿಸಿದ್ದರೆ ಒಂದು ಗೆರೆ. ಹುಳ ತಡೆಯುವ ಗುಣ ತಾಯಿ-ತಂದೆಯಿಂದ ಮರಿಗೆ ಒಂದಿಷ್ಟು ಇಳಿದು ಬರುತ್ತದೆ. ಹಾಗಾಗಿ ಒಂದೇ ಮಳೆಗಾಲದಲ್ಲಿ ಮೂರು ಗೆರೆ ಬಿದ್ದ ಕುರಿ ಎಷ್ಟು ಚೆಂದ ಇದ್ದರೂ ಸಂತೆಗೆ ಹೋಗುತ್ತದೆ. ಹೋದ ವರ್ಷ ಬೀಜದ ಟಗರು ಉಳಿಸಿಕೊಳ್ಳುವಾಗ ದೊಡ್ಡಪ್ಪ ಎಂದಿನ ಹಾಗೆ ಕೊಂಬು, ಎದೆ, ಬೆನ್ನು ನೋಡಿ ಒಂದನ್ನು ತೋರಿಸಿದರು. ನಾನು ನೋಟ್‌ಬುಕ್ ತೆಗೆದೆ. ಅದರ ಹೆಸರಿನ ಮುಂದೆ ಎರಡು ಗೆರೆ ಇತ್ತು. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತು, ಪಕ್ಕದಲ್ಲಿದ್ದ ಮೋಟು ಕೊಂಬಿನ ಟಗರಿನ ರೆಪ್ಪೆ ತಾವೇ ಎಳೆದು ನೋಡಿದರು.

"ಇದು ಕೆಂಪಗಿದೆಯಲ್ಲೋ" ಅಂದರು.